ಡಯಟ್ ಸೋಡಾ ತಂದ ಡೌಟು

"ಇನ್ನು ಮುಂದೆ ಈ ಪ್ರಸನ್ನಕುಮಾರನಿಗೂ ಸಕ್ಕರೆಗೂ ಯಾವ ಸಂಬಂಧವೂ ಇಲ್ಲ!"

ರವೀಂದ್ರನಗರದ ನಮ್ಮ ಮನೆಯ ಹಾಲಿನಲ್ಲಿ ನಿಂತು ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ರಶ್ಮಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ನನ್ನ ಘೋಷಣೆಗಳನ್ನು ಕೇಳಿ ಕೇಳಿ ಅವಳ ಕಿವಿಗೆ ಜಡ್ಡು ಕಟ್ಟಿದೆ. ಆದರೆ ಈ ಸಲದ್ದು ಅಂತಿಂಥ ಘೋಷಣೆಯಲ್ಲ. ಅಂದು ನಮ್ಮ ವಿಮಾ ಕಚೇರಿಯಲ್ಲಿ ಗಿರಾಕಿಯೊಬ್ಬರಿಗೆ ಆರೋಗ್ಯವಿಮೆಯ ಮಹತ್ವ ವಿವರಿಸುತ್ತಾ ಒಂದು ದೊಡ್ಡ ಉಸಿರು ಎಳೆದುಕೊಂಡೆ ನೋಡಿ, ನನ್ನ ಅಂಗಿಯ ಗುಂಡಿ ಕಿತ್ತು ಹಾರಿ ಸೀದಾ ಅವರ ಕಾಫಿ ಲೋಟಕ್ಕೆ ಬಿತ್ತು! ಅವರು ಲೋಟವನ್ನು ನೋಡಿದರು, ನನ್ನ ಹೊಟ್ಟೆಯನ್ನು ನೋಡಿದರು. "ಸಾರ್, ಮೊದ್ಲು ನೀವು ಮಾಡಿಸ್ಕೊಳ್ಳಿ" ಎಂದು ಎದ್ದು ಹೋದರು.

"ಕಾಫಿಗೆ ಸಕ್ಕರೆ ಬಿಡ್ತೀರಾ?" ರಶ್ಮಿ ಕೇಳಿದಳು.

"ಬರೀ ಕಹಿ ಕುಡಿಯೋಕೆ ನಾನೇನು ಸನ್ಯಾಸಿಯೇನೆ?"

"ಹೋಳಿಗೆ?"

"ಹಬ್ಬದ್ದು ಲೆಕ್ಕಕ್ಕಿಲ್ಲ."

"ಮತ್ತೆ ಬಿಡೋದು ಏನನ್ನ?"

"ಬಿಡೋದಲ್ಲ ಮಾರಾಯ್ತಿ, ಹಿಡಿಯೋದು! ಡಯಟ್ ಸೋಡಾ!" ಎಂದು ಚೀಲದಿಂದ ತಣ್ಣನೆಯ ಡಬ್ಬಿಯೊಂದನ್ನು ತೆಗೆದು, ಅವಳ ಕಣ್ಣೆದುರೇ 'ಟುಸ್' ಎಂದು ಬಿಚ್ಚಿ, ಗಟಗಟ ಕುಡಿದೆ. "ಅದೇ ರುಚಿ, ಅದೇ ಗ್ಯಾಸು, ಅದೇ ಮಜಾ. ಸಕ್ಕರೆ ಮಾತ್ರ ಸೊನ್ನೆ!"

ಅಂದಿನಿಂದ ನಾನು ಡಯಟ್ ಸೋಡಾದ ಭಕ್ತನಾದೆ. ಭಕ್ತ ಎಂದರೆ ಸಾಲದು, ಪ್ರಚಾರಕನಾದೆ. ಬೆಣ್ಣೆ ದೋಸೆಯ ಜೊತೆ ಒಂದು ಡಬ್ಬಿ, ಊಟದ ಮೇಲೆ ಒಂದು ಡಬ್ಬಿ. ನನ್ನ ಸಿದ್ಧಾಂತ ಬಹಳ ಸರಳ. ಸೋಡಾದಲ್ಲಿ ಉಳಿತಾಯವಾದ ಸಕ್ಕರೆಯ ಜಾಗದಲ್ಲಿ ಎರಡು ಮೈಸೂರು ಪಾಕು ಸೇರಿಸಿಕೊಂಡರೆ ದೇಹಕ್ಕೆ ಗೊತ್ತಾಗುವುದಿಲ್ಲ! "ರೀ, ಡಯಟ್ ಮಾಡ್ತಿರೋದು ಡಬ್ಬಿ, ನೀವಲ್ಲ" ಎಂದು ರಶ್ಮಿ ಎಷ್ಟು ಹೇಳಿದರೂ ನಾನು ಬಗ್ಗಲಿಲ್ಲ.

ಇನ್ನೊಂದು ಗೀಳೂ ಅಂಟಿಕೊಂಡಿತು. ಡಯಟ್ ಸೋಡಾ ಕುಡಿಯುವವರು ಕಣ್ಣಿಗೆ ಬಿದ್ದರೆ ಸಾಕು, ಯಾಕೆ ಕುಡಿಯುತ್ತೀರಿ ಎಂದು ಕೇಳದೆ ಇರಲು ಆಗುತ್ತಿರಲಿಲ್ಲ. ಸಹೋದ್ಯೋಗಿ ಲೋಹಿತ್, "ಬಿರಿಯಾನಿ ತಿಂದ ಪಾಪ ತೊಳ್ಕೊಳ್ಳೋಕೆ" ಎಂದ. ಪಕ್ಕದ ಮನೆಯ ಕರಿಯಮ್ಮನವರು ಕುಡಿಯುತ್ತಿರಲಿಲ್ಲ, ಆದರೆ ಅವರದ್ದೇ ಒಂದು ಪ್ರಶ್ನೆ ಇತ್ತು. "ಅದ್ರಲ್ಲಿ ಏನೂ ಇಲ್ಲ ಅಂತೀರಲ್ಲ, ಸೋಮವಾರ ಕುಡಿದ್ರೆ ಉಪವಾಸ ಕೆಡುತ್ತಾ, ಇಲ್ವಾ?" ನಾನು ಎರಡು ದಿನ ಯೋಚಿಸಿದೆ. ಮೂರನೇ ದಿನದಿಂದ ಅವರು ಕಂಡರೆ ದಾರಿ ಬದಲಿಸಿದೆ.

ಇಷ್ಟಕ್ಕೇ ನಿಂತಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಅಷ್ಟರಲ್ಲಿ ಭದ್ರಾವತಿಯಿಂದ ಫೋನು ಬಂತು. ನನ್ನ ನಾದಿನಿ ಅಮೂಲ್ಯಳನ್ನು ನೋಡಲು ಭಾನುವಾರ ಗಂಡಿನ ಕಡೆಯವರು ಬರುತ್ತಾರಂತೆ. ನಮ್ಮೂರಿನದೇ ದುರ್ಗಿಗುಡಿಯ ಮನೆತನ, ಗಾಂಧಿ ಬಜಾರಿನಲ್ಲಿ ಹಳೆಯ ಬಟ್ಟೆ ಅಂಗಡಿ, ಹುಡುಗ ಮಲ್ಲಿಕ್ ಎಂಜಿನಿಯರು. ಅಮೂಲ್ಯ ಕಾಲೇಜಿನಲ್ಲಿ ಪಾಠ ಮಾಡುವವಳು, ಬಂದ ಸಂಬಂಧಗಳನ್ನೆಲ್ಲ ಒಂದಲ್ಲ ಒಂದು ನೆಪ ಹೇಳಿ ಹಿಂದಕ್ಕೆ ಕಳಿಸಿದವಳು. ಈ ಹುಡುಗನ ಫೋಟೊ ನೋಡಿ ಮಾತ್ರ ಏನೂ ಹೇಳಿರಲಿಲ್ಲ. ಏನೂ ಹೇಳಲಿಲ್ಲ ಎನ್ನುವುದೇ ಮನೆಯವರಿಗೆ ದೊಡ್ಡ ಸುದ್ದಿ!

"ನೀವು ಸುಮ್ನೆ ಕೂತ್ಕೊಂಡು ನಗ್ತಾ ಇದ್ರೆ ಸಾಕು. ಬೇರೇನೂ ಮಾಡಬೇಡಿ" ಎಂದು ರಶ್ಮಿ ದಾರಿಯುದ್ದಕ್ಕೂ ಹೇಳಿಕೊಂಡು ಬಂದಳು. ಕಾರಿನ ಡಿಕ್ಕಿಯಲ್ಲಿ ಡಯಟ್ ಸೋಡಾದ ದೊಡ್ಡ ಪೆಟ್ಟಿಗೆಯಿತ್ತೆಂದು ಅವಳಿಗೆ ಗೊತ್ತಿರಲಿಲ್ಲ.

ಮಾವ ಷಡಕ್ಷರಪ್ಪನವರು ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಎಪ್ಪತ್ತು ದಾಟಿದರೂ ಸೈಕಲ್ ಬಿಟ್ಟಿಲ್ಲ, ಕಾಫಿಗೆ ಮೂರು ಚಮಚ ಸಕ್ಕರೆಯನ್ನೂ ಬಿಟ್ಟಿಲ್ಲ. ನಾನು ಹೋದಾಗಲೆಲ್ಲ ಅವರಿಗೆ ಸಕ್ಕರೆಯ ಅಪಾಯಗಳ ಬಗ್ಗೆ ಪುಟ್ಟ ಭಾಷಣ ಮಾಡುತ್ತೇನೆ. ಅವರು ಕಾಫಿ ಹೀರುತ್ತಾ ತಲೆದೂಗುತ್ತಾರೆ.

ಅತ್ತೆ ಜಗದಾಂಬಾ ಅಡುಗೆಮನೆಯಲ್ಲಿ ಕಾಯಿ ಹೋಳಿಗೆ ತಟ್ಟುತ್ತಿದ್ದರು. ನಾನು ಫ್ರಿಜ್ಜಿನ ಬಾಗಿಲು ತೆಗೆದು ಕಾರ್ಯಪ್ರವೃತ್ತನಾದೆ. ಜಾಗ ಸಾಲಲಿಲ್ಲ. ಅತಿಥಿಗಳಿಗೆಂದು ಮಾಡಿಟ್ಟಿದ್ದ ನಿಂಬೆಹಣ್ಣಿನ ಪಾನಕದ ದೊಡ್ಡ ಪಾತ್ರೆಯನ್ನು ಎತ್ತಿ ಹಿತ್ತಲ ಮೆಟ್ಟಿಲ ಮೇಲಿಟ್ಟು, ಆ ಜಾಗದಲ್ಲಿ ಡಬ್ಬಿಗಳನ್ನು ಸಾಲಾಗಿ ಜೋಡಿಸಿದೆ.

"ಇದೇನು ಅಳಿಯಂದಿರೇ?" ಅತ್ತೆ ಬಂದು ಇಣುಕಿದರು.

"ಡಯಟ್ ಸೋಡಾ ಅತ್ತೆ. ಸಕ್ಕರೆ ಇಲ್ಲ."

"ಸಿಹಿ ಇರುತ್ತಾ?"

"ಇರುತ್ತೆ."

"ಸಕ್ಕರೆ ಇಲ್ದೆ ಸಿಹಿ ಎಲ್ಲಿಂದ ಬಂತು? ಬೆಲ್ಲಾನಾ?"

"ಬೆಲ್ಲಾನೂ ಇಲ್ಲ. ಹಣ್ಣೂ ಇಲ್ಲ, ಹಾಲೂ ಇಲ್ಲ. ಏನೂ ಇಲ್ಲ ಅತ್ತೆ, ಅದೇ ಅದರ ವಿಶೇಷ!"

"ಏನೂ ಇಲ್ದೇ ಇರೋದನ್ನ ಡಬ್ಬಿಗೆ ತುಂಬ್ತಾರಾ?" ಅತ್ತೆಗೆ ನಿಜಕ್ಕೂ ಕುತೂಹಲ ಹುಟ್ಟಿತು. ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡು ಕಣ್ಣು ಮುಚ್ಚಿ ಪರೀಕ್ಷಿಸಿದರು. "ಸಿಹಿ ಬರುತ್ತೆ, ಆದ್ರೆ ನಿಲ್ಲಲ್ಲ. ಬಂದ ನೆಂಟ್ರು ಚಪ್ಲಿ ಬಿಡದೇ ಹೊರಟ ಹಾಗೆ. ಇದು ಡಯಟ್ ಸೋಡಾ ಅಲ್ಲ ಅಳಿಯಂದಿರೇ, ಡೌಟ್ ಸೋಡಾ!"

ಅವರ ಡೌಟು ಅಲ್ಲಿಗೆ ತೀರಲಿಲ್ಲ. ಎರಡು ಬಟ್ಟಲು ತಂದು, ಒಂದಕ್ಕೆ ನನ್ನ ಸೋಡಾ, ಇನ್ನೊಂದಕ್ಕೆ ಪಾನಕ ಹಾಕಿ, ಹಿತ್ತಲ ಮೆಟ್ಟಿಲ ಹತ್ತಿರ ಇಟ್ಟರು. "ಇರುವೆಗಳನ್ನ ಕೇಳೋಣ" ಎಂದರು. ಮಾವನೂ ಕುರ್ಚಿ ಎಳೆದುಕೊಂಡು ಬಂದರು. ಹೋಳಿಗೆಯನ್ನು ಅಮೂಲ್ಯಳ ಕೈಗೊಪ್ಪಿಸಿ ರಶ್ಮಿಯೂ ಬಂದಳು. ನಾವು ನಾಲ್ವರೂ ಬಗ್ಗಿ ನೋಡುತ್ತಾ ನಿಂತೆವು. ಇರುವೆಗಳು ಬಂದವು. ಸೋಡಾದ ಬಟ್ಟಲಿನವರೆಗೆ ಹೋದವು, ಮೀಸೆ ಆಡಿಸಿದವು, ಸುತ್ತು ಬಳಸಿ ಪಾನಕದ ಕಡೆ ನಡೆದವು.

"ಇರುವೆ ಮೂಸದೇ ಇರೋದನ್ನ ನಮ್ಮ ಅಳಿಯಂದಿರು ಕುಡೀತಾರಲ್ಲ!" ಎಂದು ಅತ್ತೆ ನಿಟ್ಟುಸಿರು ಬಿಟ್ಟರು.

ನಾನು ಸಮರ್ಥನೆಗೆ ಬಾಯಿ ತೆರೆಯುವಷ್ಟರಲ್ಲಿ ರಶ್ಮಿ ಕಿರುಚಿದಳು. ಬಟ್ಟಲಿಗೆ ಬಂದ ಇರುವೆಗಳು ಅಷ್ಟಕ್ಕೇ ತೃಪ್ತಿಪಟ್ಟಿರಲಿಲ್ಲ. ಪಕ್ಕದ ಮೆಟ್ಟಿಲ ಮೇಲೆ ನಾನೇ ಇಟ್ಟಿದ್ದ ಪಾನಕದ ದೊಡ್ಡ ಪಾತ್ರೆಗೆ ಇಡೀ ದಂಡು ನುಗ್ಗಿತ್ತು! ಪಾನಕದ ಮೇಲೆ ಏಲಕ್ಕಿಗಿಂತ ಇರುವೆಯೇ ಹೆಚ್ಚು ತೇಲುತ್ತಿತ್ತು. ಅದೇ ಹೊತ್ತಿಗೆ ಬಾಗಿಲಲ್ಲಿ ಕಾರು ನಿಂತ ಸದ್ದು.

"ಈಗ ಏನ್ರೀ ಕೊಡೋದು ಅವರಿಗೆ?" ರಶ್ಮಿ ನನ್ನ ತೋಳು ಹಿಡಿದೆಳೆದಳು.

"ನಾನಿದ್ದೀನಲ್ಲ!" ಎಂದೆ.

ಹುಡುಗನ ತಂದೆ ವೀರಪ್ಪನವರು ದುಂಡಗೆ, ನಗುನಗುತ್ತಾ ಬಂದು ಕೂತರು. ತಾಯಿ ಪುಷ್ಪಮ್ಮನವರದ್ದು ಎಲ್ಲವನ್ನೂ ಗಮನಿಸುವ ಕಣ್ಣು. ಮಲ್ಲಿಕ್ ಫೋಟೊದಲ್ಲಿದ್ದುದಕ್ಕಿಂತ ಸಂಕೋಚದ ಹುಡುಗ. ನಾನು ಸ್ಟೀಲ್ ಲೋಟಗಳಲ್ಲಿ ನೊರೆ ಉಕ್ಕುವ ಸೋಡಾ ತಂದು ನಾಟಕೀಯವಾಗಿ ಮುಂದಿಟ್ಟೆ.

"ತಗೊಳ್ಳಿ! ಒಂದು ಹರಳು ಸಕ್ಕರೆ ಇಲ್ಲ. ನಮ್ಮ ಮನೇಲೀಗ ಎಲ್ಲರೂ ಇದನ್ನೇ ಕುಡಿಯೋದು!"

ಪುಷ್ಪಮ್ಮನವರ ಲೋಟ ಅರ್ಧ ದಾರಿಯಲ್ಲೇ ನಿಂತಿತು. "ಎಲ್ಲರೂನಾ?"

"ಎಲ್ಲರೂ!"

"ಹುಡುಗೀನೂ?"

"ಅವಳೇ ಮೊದಲು!" ಎಂದೆ. ಬಾಗಿಲ ಮರೆಯಿಂದ ಅಮೂಲ್ಯ ನನ್ನನ್ನು ನೋಡಿದ ನೋಟಕ್ಕೆ ಸೋಡಾದ ನೊರೆ ಇಳಿಯಿತು.

ವೀರಪ್ಪನವರು ಒಂದೇ ಉಸಿರಿಗೆ ಕುಡಿದು, ಗೋಡೆಯ ಕ್ಯಾಲೆಂಡರ್ ಅಲುಗುವಂತೆ ತೇಗಿ, "ಗ್ಯಾಸಿಗೆ ಒಳ್ಳೇದು ಮಾರಾಯ್ರೇ!" ಎಂದರು. ಮಲ್ಲಿಕ್, "ನಮ್ಮ ಆಫೀಸಲ್ಲಿ ನಿದ್ದೆ ಬರದಿರಲಿ ಅಂತ ಕುಡೀತಾರೆ" ಎಂದು ಮೆಲ್ಲಗೆ ಸೇರಿಸಿದ. ಪುಷ್ಪಮ್ಮನವರು ನೀರಿನ ನೆಪದಲ್ಲಿ ಅಡುಗೆಮನೆಗೆ ಹೋದರು. ಫ್ರಿಜ್ಜಿನ ಬಾಗಿಲು ತೆಗೆದ ಸದ್ದು ಕೇಳಿಸಿತು. ಮರಳಿ ಬಂದು ಗಂಡನ ಪಕ್ಕ ಕೂತವರ ಮುಖ ಚಿಕ್ಕದಾಗಿತ್ತು.

"ಜಗದಾಂಬಮ್ನೋರೇ, ತಪ್ಪು ತಿಳ್ಕೋಬೇಡಿ. ನಿಮ್ಮ ಮನೆತನದಲ್ಲಿ ಎಷ್ಟು ವಯಸ್ಸಿಗೆ ಶುರುವಾಗುತ್ತೆ?"

"ಏನು?"

"ಅದೇ... ಸಕ್ಕರೆ ಕಾಯಿಲೆ."

ಅತ್ತೆ ಕೈಯಲ್ಲಿದ್ದ ಹೋಳಿಗೆಯ ತಟ್ಟೆಯನ್ನು ಕೆಳಗಿಟ್ಟರು. "ಅಯ್ಯೋ, ನಮ್ಮಲ್ಲಿ ಯಾರಿಗೂ ಇಲ್ಲ ಕಣಮ್ಮ!"

"ಫ್ರಿಜ್ ತುಂಬ ಅದೇ ಇದೆ. ಹುಡುಗೀನೂ ಅದನ್ನೇ ಕುಡಿಯೋದು ಅಂತ ನಿಮ್ಮ ಅಳಿಯಂದಿರೇ ಅಂದ್ರಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಅಮೂಲ್ಯಳ ಮದುವೆಯ ದೋಣಿ ನನ್ನ ಡಬ್ಬಿಗೆ ಬಡಿದು ಮುಳುಗುತ್ತಿರುವುದು ನನಗೆ ಸ್ಪಷ್ಟವಾಗಿ ಕಂಡಿತು. ಮುಳುಗುವವರನ್ನು ಎತ್ತಬೇಕಾದವನೂ ನಾನೇ ತಾನೆ? ಎದ್ದು ನಿಂತೆ. "ಯಾರಿಗೂ ಇಲ್ಲ ಅನ್ನೋದಕ್ಕೆ ಈಗಲೇ ಸಾಕ್ಷಿ ಕೊಡ್ತೀನಿ!" ಎಂದು ತಟ್ಟೆಯಿಂದ ಹೋಳಿಗೆ ತೆಗೆದು, ತುಪ್ಪ ಸುರಿದು, ಮೇಲೆ ಸಕ್ಕರೆ ಉದುರಿಸಿ ತಿಂದೆ. ಇನ್ನೊಂದು ತಿಂದೆ. ಮತ್ತೊಂದು. ಮಾವನೂ ಮನೆತನದ ಮಾನಕ್ಕಾಗಿ ನನಗೆ ಜೊತೆಯಾದರು. ಅದನ್ನು ನೋಡಿ ತಡೆಯಲಾರದೆ ವೀರಪ್ಪನವರೂ ಕೈ ಚಾಚಿದರು. ಪುಷ್ಪಮ್ಮನವರು ಆ ಕೈಯನ್ನು ಪಟ್ಟೆಂದು ಹೊಡೆದು ಹಿಂದಕ್ಕೆ ಕಳಿಸಿದರು.

"ಕಾಯಿಲೆ ಇರೋರೇ ಹೀಗೆ ತಿನ್ನೋದು. ಇವರನ್ನ ಕಟ್ಕೊಂಡು ನನಗೆ ಗೊತ್ತಿಲ್ವಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಬಚ್ಚಿಟ್ಟುಕೊಂಡು ತಿಂತಾರೆ, ಆಮೇಲೆ ಕಾಲು ಉರಿ ಅಂತಾರೆ. ಇವರ ಅಣ್ಣನಿಗೂ ಇದೆ, ತಂಗಿಗೂ ಇದೆ. ನಿಮ್ಮ ಕಡೆಯಿಂದಲೂ ಬಂದ್ರೆ ನಾಳೆ ಹುಟ್ಟೋ ಮಕ್ಕಳ ಗತಿ ಏನಮ್ಮ? ಅದೊಂದೇ ನನ್ನ ಹೆದರಿಕೆ. ಹುಡುಗಿ ಬಗ್ಗೆ ನನಗೇನೂ ಇಲ್ಲ."

ಆಗ ಬಾಗಿಲ ಮರೆಯಿಂದ ಅಮೂಲ್ಯ ಹೊರಗೆ ಬಂದಳು. "ಆಂಟಿ, ಅಂಕಲ್ಲಿಗೆ ಶುಗರ್ ಇದ್ರೆ ನಿಮ್ಮ ಹತ್ರ ನೋಡೋ ಮಷೀನ್ ಇರುತ್ತಲ್ವಾ?"

ಇತ್ತು. ವ್ಯಾನಿಟಿ ಬ್ಯಾಗಿನಲ್ಲೇ ಇತ್ತು.

"ನನ್ನದೇ ಮೊದಲು ನೋಡಿ" ಎಂದು ಅಮೂಲ್ಯ ಬೆರಳು ಚಾಚಿದಳು. ಎಲ್ಲರೂ ಪುಟ್ಟ ಪರದೆಯ ಮೇಲೆ ಬಗ್ಗಿದರು. ಏನೇನೂ ತೊಂದರೆ ಇಲ್ಲ! ಪುಷ್ಪಮ್ಮನವರ ಹುಬ್ಬು ಸಡಿಲವಾಯಿತು.

"ಈಗ ನಿಮ್ಮ ಮಗಂದು" ಎಂದಳು ಅಮೂಲ್ಯ. "ಮಕ್ಕಳ ಗತಿ ಅಂದ್ರೆ ಎರಡೂ ಕಡೇದು ತಾನೇ ಆಂಟಿ?"

ಮಲ್ಲಿಕ್ ಬಿಳಿಚಿಕೊಂಡ. "ನನಗೆ ಸೂಜಿ ಅಂದ್ರೆ ಸ್ವಲ್ಪ..."

"ಸ್ವಲ್ಪಾನಾ, ಜಾಸ್ತೀನಾ?"

"ಜಾಸ್ತೀನೇ" ಎಂದು ಅವನು ಪ್ರಾಮಾಣಿಕವಾಗಿ ಒಪ್ಪಿಕೊಂಡ. ಅಮೂಲ್ಯ ನಕ್ಕಳು. ಇಷ್ಟು ಸಂಬಂಧಗಳು ಬಂದು ಹೋದರೂ ಗಂಡಿನ ಎದುರು ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ಆ ಕಡೆ ನೋಡಿ" ಎಂದು ಅವನ ಬೆರಳು ಹಿಡಿದು ತಾನೇ ಚುಚ್ಚಿದಳು. ಅವನು ಆ ಕಡೆ ನೋಡಲಿಲ್ಲ, ಅವಳನ್ನೇ ನೋಡಿದ. ಅವನದ್ದೂ ಸರಿಯಾಗಿತ್ತು. ಪರೀಕ್ಷೆ ಮುಗಿದ ಮೇಲೂ ಬೆರಳು ಮರಳಿ ಬರಲು ಸ್ವಲ್ಪ ತಡವಾಯಿತು. ರಶ್ಮಿ ನನ್ನ ಕಾಲು ತುಳಿದಳು. ಆ ತುಳಿತ ಸಂತೋಷದ್ದು.

ಆಮೇಲೆ ಹಬ್ಬವೇ ಶುರುವಾಯಿತು! ಅತ್ತೆ ಬೆರಳು ಕೊಟ್ಟರು, ರಶ್ಮಿ ಕೊಟ್ಟಳು, ಇಬ್ಬರದ್ದೂ ಚೆನ್ನಾಗಿತ್ತು. ಮೂರು ಚಮಚದ ಮಾವನ ಸರದಿ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಅವರದ್ದು ಇಪ್ಪತ್ತರ ಹುಡುಗನ ಹಾಗಿತ್ತು.

"ಸರಿ, ಈಗ ಡಬ್ಬಿ ತಂದೋರದ್ದು" ಎಂದರು ಪುಷ್ಪಮ್ಮ.

"ನನ್ನದು ಯಾಕೆ? ನಾನು ಸಕ್ಕರೇನೇ ಬಿಟ್ಟೋನು" ಎಂದು ಕೈಯನ್ನು ಬೆನ್ನ ಹಿಂದೆ ಅಡಗಿಸಿದೆ. ರಶ್ಮಿ ಅದನ್ನು ಎಳೆದು ಮುಂದಿಟ್ಟಳು. ಚುಚ್ಚಿದರು. ಮಷೀನು 'ಕೀಂ' ಎಂದಿತು. ಪುಷ್ಪಮ್ಮನವರು ಪರದೆ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಇನ್ನೊಂದು ಬೆರಳು ಚುಚ್ಚಿದರು. ಆ ಬೆರಳಿನ ಅಂಕಿ ಮೊದಲಿನದ್ದಕ್ಕಿಂತ ಹೆಚ್ಚಿತ್ತು.

"ನನಗಿಂತ ಜಾಸ್ತಿ!" ವೀರಪ್ಪನವರು ಸಂಭ್ರಮದಿಂದ ಎದ್ದು ಬಂದು, ಜಾತ್ರೆಯಲ್ಲಿ ಕಳೆದುಹೋದ ತಮ್ಮ ಸಿಕ್ಕಿದಂತೆ ನನ್ನ ಕೈ ಕುಲುಕಿದರು. "ಬನ್ನಿ ಮಾರಾಯ್ರೇ, ಬನ್ನಿ!"

ನಾನು ಹೋಳಿಗೆಯ ತಟ್ಟೆಯನ್ನು ಮೆಲ್ಲಗೆ ದೂರ ತಳ್ಳಿದೆ. "ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಲ್ಯಾಬಿಗೆ ಹೋಗಿ, ಡಾಕ್ಟರನ್ನ ನೋಡಿ" ಎಂದು ಪುಷ್ಪಮ್ಮನವರು ನನಗೆ ಮೃದುವಾಗಿ ಹೇಳಿದರು. ಆಮೇಲೆ ಮಷೀನನ್ನು ಬ್ಯಾಗಿಗೆ ಹಾಕಿ, ಯೋಚನೆಯಲ್ಲಿ ಮುಳುಗಿ ಕೂತರು. ಮನೆಯವರೆಲ್ಲ ಅವರ ಬಾಯನ್ನೇ ನೋಡುತ್ತಿದ್ದರು. ಅಮೂಲ್ಯ ಸೆರಗಿನ ಅಂಚನ್ನು ತಿರುಚುತ್ತಿದ್ದಳು. ನನ್ನ ಶುಗರಿನಿಂದ ಇವಳ ಸಂಬಂಧ ಮುರಿದರೆ ಈ ಮನೆಗೆ ಇನ್ನು ಯಾವ ಮುಖ ಹೊತ್ತು ಬರಲಿ?

ಕೊನೆಗೆ ಪುಷ್ಪಮ್ಮನವರು ತಲೆ ಎತ್ತಿದರು. "ಅಲ್ಲ, ಅಳಿಯಂದಿರು ಅಂದ್ರೆ ರಕ್ತ ಸಂಬಂಧ ಅಲ್ಲವಲ್ಲ? ಹೊರಗಿನೋರು ತಾನೇ?"

ಮದುವೆಯಾದಂದಿನಿಂದ ನನ್ನನ್ನು ಕಂಡವರಿಗೆಲ್ಲ "ಇವರು ಅಳಿಯ ಅಲ್ಲ, ನಮ್ಮ ಮಗನೇ" ಎಂದು ಪರಿಚಯಿಸುತ್ತಿದ್ದ ನನ್ನ ಅತ್ತೆ, ಒಂದು ಕ್ಷಣವೂ ತಡಮಾಡದೆ, ಮುಖ ಅರಳಿಸಿಕೊಂಡು ಹೇಳಿದರು:

"ಹೌದು ಕಣಮ್ಮ, ಪೂರ್ತಿ ಹೊರಗಿನೋರು!"