ಭಾವನ ಕೋಟು

ನಮ್ಮ ಮನೆಗೆ ಅಳತೆ ಮೀರಿದ ಸಾಮಾನುಗಳು ಹೇಗೋ ದಾರಿ ಹುಡುಕಿಕೊಂಡು ಬಂದುಬಿಡುತ್ತವೆ. ಇರುವವರು ಇಬ್ಬರೇ, ಕುಕ್ಕರು ಮಾತ್ರ ಹತ್ತು ಲೀಟರಿನದು. ಅದರ ತಳದಲ್ಲಿ ನಮ್ಮ ಒಂದು ಪಾವು ಅಕ್ಕಿ ಬಾವಿಗೆ ಬಿದ್ದ ಬೆಕ್ಕಿನ ಹಾಗೆ ಮುದುಡಿ ಕೂತಿರುತ್ತದೆ. ಹೊಲಿಗೆ ಯಂತ್ರ ಅರವತ್ತು ಬಗೆಯ ಕಸೂತಿ ಹಾಕಬಲ್ಲದು. ನಾನು ಅದರಲ್ಲಿ ದಿಂಬಿನ ಚೀಲದ ಅಂಚು ಮಡಿಸಿ ಹೊಲಿಯುತ್ತೇನೆ. ಅಟ್ಟದ ಮೇಲೆ ಒಂದು ಗಾಲ್ಫ್ ಕೋಲೂ ಇದೆ. ಹಾಸನದಲ್ಲಿ ನಮ್ಮ ಯಜಮಾನರ ಕಚೇರಿಗೆ ಹಿಂದೊಮ್ಮೆ ವರ್ಗವಾಗಿ ಬಂದಿದ್ದ ಸಾಹೇಬರೊಬ್ಬರು ಹದಿನಾಲ್ಕು ಕೋಲುಗಳ ಚೀಲವನ್ನೇ ತಂದಿದ್ದರು. ದೂರಕ್ಕೆ ಹೊಡೆಯಲು ಒಂದು, ಹತ್ತಿರಕ್ಕೆ ಒಂದು, ಮರಳಿನಿಂದ ಚೆಂಡು ಎತ್ತಲು ಬೇರೆಯೇ ಒಂದು. ಸಂಜೆ ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ ಅವರು ಬೀಸಿದರೆ ಚೆಂಡು ಇದ್ದಲ್ಲೇ ಇರುತ್ತಿತ್ತು, ಒಂದು ಹಿಡಿ ಗರಿಕೆ ಬೇರು ಸಮೇತ ಹಾರುತ್ತಿತ್ತು. ಅಲ್ಲಿನ ಕಾವಲಿನವರು ಆ ಗರಿಕೆಯನ್ನು ಆಯ್ದು ತೊಳೆದು ಗಣಪತಿಗೆ ಏರಿಸುತ್ತಿದ್ದರಂತೆ. ಸಾಹೇಬರು ಹೊರಡುವಾಗ ನೆನಪಿಗಿರಲೆಂದು ನಮ್ಮವರಿಗೆ ಒಂದು ಕೋಲು ಕೊಟ್ಟುಹೋದರು. ನಾನು ಅದರಲ್ಲಿ ನುಗ್ಗೇಕಾಯಿ ಕೀಳುತ್ತೇನೆ. ಹದಿನಾಲ್ಕರಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ ಇರಬೇಕು ಅಂತ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದೆ. ಹಾಗೆ ನಗುವ ಯೋಗ್ಯತೆ ನನಗಿರಲಿಲ್ಲ ಎಂದು ಗೊತ್ತಾದದ್ದು ನಮ್ಮ ಭಾವ ತೀರಿಕೊಂಡ ಮೇಲೆ.

ಭಾವ ಎಂದರೆ ನಮ್ಮ ಜಯಕ್ಕನ ಯಜಮಾನರು, ಡ್ರೈವರ್ ಪುಟ್ಟಸ್ವಾಮಿ. ಅರಕಲಗೂಡಿನಲ್ಲಿ ಮನೆ. ಅವರ ಕಡೆಗೆ ಬರುವ ಮೊದಲು ನನ್ನ ಕ್ಯಾಮೆರಾದ ವಿಷಯ ಹೇಳಬೇಕು. ನಾನು ಹೊಳೆನರಸೀಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರು. ಇಪ್ಪತ್ತು ವರ್ಷಗಳಿಂದ ಹತ್ತನೇ ತರಗತಿಗೆ ಬೆಳಕಿನ ಪಾಠ ಮಾಡುತ್ತಿದ್ದೇನೆ. ಪೀನ ಮಸೂರ, ನಿಮ್ನ ಮಸೂರ, ಸಂಗಮ ದೂರ ಎಲ್ಲ ಬಾಯಿಪಾಠ; ಬೋರ್ಡಿನ ಮೇಲೆ ಸ್ಕೇಲಿಲ್ಲದೆ ಕಿರಣ ಎಳೆಯುತ್ತೇನೆ. ಹೀಗಿರುವಾಗ ಹಾಸನದ ಕ್ಯಾಮೆರಾ ಅಂಗಡಿಯ ಮುದುಕರು ನನ್ನ ಮುಂದೆ ಎರಡು ಕ್ಯಾಮೆರಾ ಇಟ್ಟರು. ಒಂದು ಅಂಗೈಯಗಲದ್ದು, ಒತ್ತಿದರೆ ಎಲ್ಲವನ್ನೂ ತಾನೇ ನೋಡಿಕೊಳ್ಳುವಂಥದ್ದು. ಇನ್ನೊಂದು ಕಪ್ಪಗೆ, ಕುತ್ತಿಗೆ ಬಗ್ಗುವಷ್ಟು ಭಾರವಾಗಿ, ಮೈತುಂಬ ಗುಂಡಿಗಳಿದ್ದದ್ದು. ಏನು ತೆಗೆಯುತ್ತೀರಿ ಎಂದು ಕೇಳಿದರು. ಮನೆಯವರು, ನೆಂಟರು, ಒಂದೆರಡು ಹಕ್ಕಿ ಎಂದೆ. ಅವರು ಚಿಕ್ಕದನ್ನೇ ನನ್ನ ಕಡೆ ಸರಿಸಿ, “ನಿಮ್ಗೆ ಇದು ಸಾಕು ಮೇಡಂ, ಇದ್ರಲ್ಲಿ ಮುಖ ತಪ್ಪೋದಿಲ್ಲ,” ಅಂದರು.

‘ಸಾಕು’ ಎಂಬ ಮಾತು ನನಗೆ ಎಲ್ಲಿಗೆ ತಾಗಿತೋ. ಹೆಂಗಸಾದ್ದರಿಂದ ಸಾಕೋ, ತಲೆ ನರೆತದ್ದರಿಂದ ಸಾಕೋ ಎಂದು ಒಳಗೇ ಲೆಕ್ಕ ಹಾಕಿದೆ. ಅವರಿಗೆ ಅಲ್ಲೇ ನಿಂತು ಮಸೂರದ ಪಾಠ ಶುರುಮಾಡಿದೆ. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು. ಆಮೇಲೆ ಪಾಠ ಬೇರೆ, ಕೈ ಬೇರೆ ಎಂಬರ್ಥದ ಏನನ್ನೋ ಗೊಣಗಿ, ದೊಡ್ಡದನ್ನು ಡಬ್ಬಿಗೆ ಹಾಕಿ ಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಂದ ರೀತಿ ನೋಡಿ, ಪಕ್ಕದಲ್ಲಿದ್ದ ಹೆಂಗಸು ಎಷ್ಟು ತಿಂಗಳು ಎಂದು ಕೇಳುವುದೊಂದು ಬಾಕಿ.

ಹೊಸ ಕ್ಯಾಮೆರಾಕ್ಕೆ ಅಲ್ಲಾಡದ ಆಸಾಮಿ ಒಬ್ಬರು ಬೇಕು. ನಮ್ಮ ಯಜಮಾನರು ಮೂರನೇ ದಿನಕ್ಕೇ, “ನಾನೇನು ಬೇಲೂರಿನ ಶಿಲೆಯೇನೇ?” ಎಂದು ಎದ್ದುಹೋದರು. ಉಳಿದವರು ಭಾವ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾಗಿದ್ದರು. ಭಾನುವಾರ ನಾನು ಅರಕಲಗೂಡಿಗೆ ಹೋದರೆ ಅವರೇ ಹೆಣಿಗೆಯ ಕುರ್ಚಿಯನ್ನು ಅಂಗಳಕ್ಕೆ ತಂದು ಹಾಕಿಕೊಂಡು ಕೂರುತ್ತಿದ್ದರು. ಕೂರುವಾಗ ನಗುತ್ತಿದ್ದರು. ಅವರ ನಗು ಮೊದಲು ಕಣ್ಣಿಗೆ ಬರುತ್ತಿತ್ತು, ಆಮೇಲೆ ನಿಧಾನವಾಗಿ ಬಾಯಿಗೆ ಇಳಿಯುತ್ತಿತ್ತು, ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದು ಕಾಣುತ್ತಿತ್ತು. ಓಡಿಬರುವ ಮುದುಕಿಯರಿಗೆ ಬಸ್ಸು ನಿಲ್ಲಿಸಿ, ಅವರು ಹತ್ತುವುದನ್ನು ಕನ್ನಡಿಯಲ್ಲಿ ನೋಡುತ್ತ ನಗುತ್ತಿದ್ದರಲ್ಲ, ಅದೇ ನಗು. ನಾನು ಅಷ್ಟರಲ್ಲಿ ಬೆಳಕು ಸರಿಮಾಡಿ, ದೂರ ಸರಿಮಾಡಿ, ಒಂದು ಗುಂಡಿ ಒತ್ತಿ, ತಪ್ಪಾಯಿತೆಂದು ಇನ್ನೊಂದು ತಿರುಗಿಸಿ, ಕನ್ನಡಕ ತೆಗೆದು, ಮತ್ತೆ ಹಾಕಿ, ಸಿದ್ಧಳಾಗುವ ಹೊತ್ತಿಗೆ ನಗು ಬಂದು, ಕೂತು, ಎದ್ದು ಹೋಗಿರುತ್ತಿತ್ತು. ಬೇಸರವಾಯಿತೇ ಭಾವ ಎಂದರೆ, “ಕಾಯಾದು ನಂಗೆ ಒಸದಾ ಕಣವ್ವ? ಬಸ್ಟ್ಯಾಂಡಲ್ಲಿ ಅರ್ಧ ಆಯಸ್ಸು ಕಾದೇ ಕಳ್ದಿವ್ನಿ. ನಿಧಾನಕ್ಕೆ ತಗಿ,” ಎನ್ನುತ್ತಿದ್ದರು.

ಒಮ್ಮೆ ಮಾತ್ರ ಅವರ ಬಾಯಿಂದ ಬುದ್ಧಿಮಾತು ಹೊರಗೆ ಬಂತು. ಮೊಸಳೆ ಎಂಬ ಊರಿನ ಜೋಡಿ ದೇವಸ್ಥಾನದ ಮುಂದೆ ಅವರನ್ನು ನಿಲ್ಲಿಸಿ ಮುಕ್ಕಾಲು ಗಂಟೆ ಬಿಸಿಲು ಕುಡಿಸಿದ್ದೆ. ಕುತ್ತಿಗೆ ಒರೆಸಿಕೊಳ್ಳುತ್ತ, “ಗಾಡಿ ಕಲಿಯೋರು ಮೊದ್ಲೇ ಬಸ್ ಅತ್ತಬಾರ್ದು ಪದ್ಮ. ನಾನೂ ಲೂನಾದಿಂದ್ಲೇ ಸುರು ಮಾಡಿದ್ದು,” ಅಂದರು. ಅಲ್ಲೇ ನೆರಳಿಗೆ ಬಂದು ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡು, ಗೇರು ನೋಡುವಂತೆ ಅದರ ತಿರುಗಣೆ ನೋಡಿ, ಈ ಹಸಿರು ಗುರುತು ಏನಕ್ಕೆ ಎಂದು ಕೇಳಿದರು. ಅದು ಏನೂ ಬಾರದವರಿಗೆ ಭಾವ ಎಂದೆ. ಹಾಗಾದರೆ ಅದು ನನ್ನದೇ ಎಂದು ಅಲ್ಲಿಗೆ ತಿರುಗಿಸಿ, ನನ್ನ ಕಡೆ ಹಿಡಿದು ಒತ್ತಿಯೇಬಿಟ್ಟರು. ನಾನು ನಗುತ್ತಲೇ ಅದನ್ನು ಕಿತ್ತುಕೊಂಡು ತಿರುಗಣೆಯನ್ನು ಮತ್ತೆ ನನ್ನ ಅಂತಸ್ತಿನ ಗುರುತಿಗೆ ತಂದಿಟ್ಟೆ. ತೆಗೆದದ್ದು ಹೇಗೆ ಬಂದಿದೆ ಎಂದು ತಿರುಗಿಸಿ ನೋಡುವ ಸೌಜನ್ಯವೂ ನನಗೆ ಇರಲಿಲ್ಲ.

ಭಾವ ಹೋದದ್ದು ಒಂದು ಮಂಗಳವಾರ ಬೆಳಿಗ್ಗೆ. ಸ್ನಾನ ಮುಗಿಸಿ, ಅಂಬಲಿ ಕುಡಿದು, ಲೋಟ ತೊಳೆದು ಬೋರಲು ಹಾಕಿ, ಗೋಡೆಗೆ ಒರಗಿ ಕೂತವರು ಮತ್ತೆ ಏಳಲಿಲ್ಲ. ಮೂರನೇ ದಿನದ ಹಾಲುತುಪ್ಪ ಮುಗಿಸಿ ಬಂದ ಮೇಲೆ ಜಯಕ್ಕ ನನ್ನನ್ನು ಅಡಿಗೆಮನೆಗೆ ಕರೆದಳು. ಅಷ್ಟು ದಿನ ಅತ್ತಿರಲಿಲ್ಲ, ಆಗಲೂ ಅಳಲಿಲ್ಲ. “ತಿಥಿಗೆ ಒಂದು ಫೋಟೋ ಬೇಕು ಪದ್ದಿ. ಅಷ್ಟೊಂದು ತಗ್ದಿದ್ದೀಯಲ್ಲ, ನಗ್ತಾ ಇರಾದು ಒಂದು ಆರಿಸ್ಕೊಡು. ಸಪ್ಪಗಿರೋ ಮೊಕದ ಮುಂದೆ ಎಡೆ ಇಡಕೆ ನನ್ ಕೈಲಾಗಕಿಲ್ಲ,” ಅಂದಳು. ನಮ್ಮಲ್ಲಿ ಹನ್ನೊಂದನೇ ದಿನ ಹೋದವರ ಫೋಟೋ ಇಟ್ಟು, ಹೂವು ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಯ ಮೇಲೆ ಬಡಿಸಿ, ಬಾಗಿಲು ಮುಂದೆ ಮಾಡಿಕೊಂಡು ಒಂದಿಷ್ಟು ಹೊತ್ತು ಹೊರಗೆ ನಿಲ್ಲುತ್ತೇವೆ, ಅವರು ಬಂದು ಉಂಡು ಹೋಗಲಿ ಎಂದು. ಬರುವವರು ಯಾವ ಮುಖದಲ್ಲಿ ಬರಬೇಕು ಎಂಬುದು ಅಕ್ಕನ ಪ್ರಶ್ನೆ. ಆಯಿತಕ್ಕ ಎಂದುಬಿಟ್ಟೆ.

ಬೇರೆ ಫೋಟೋ ಇರಲಿಲ್ಲವೇ ಎಂದು ನೀವು ಕೇಳುತ್ತೀರಿ. ಮದುವೆಯ ಫೋಟೋ ಗೋಡೆಯ ತೇವಕ್ಕೆ ಗಾಜಿಗೇ ಅಂಟಿ ಹೋಗಿತ್ತು. ನೆಂಟರ ಮದುವೆಗಳಲ್ಲಿ ಗುಂಪು ಫೋಟೋ ತೆಗೆಯುವ ಹೊತ್ತಿಗೆ ಅವರು ಬಸ್ಸಿನ ಹತ್ತಿರ ಇರುತ್ತಿದ್ದರು. ಇನ್ನು ಅವರ ಮಗಳು ಫೋನಿನಲ್ಲಿ ತೆಗೆಯಲು ಹೊರಟಾಗಲೆಲ್ಲ, ಅದರಲ್ಲೇನು ಬರುತ್ತದೆ, ನನ್ನ ಕ್ಯಾಮೆರಾ ಇದೆಯಲ್ಲ ಎಂದು ಬಾಯಿ ಹಾಕಿ ತಡೆದವಳು ನಾನೇ. ಒಂದು ಸಲವಲ್ಲ. ಅದೆಷ್ಟು ಸಲ ಎಂದು ನೆನೆಯಲು ಈಗಲೂ ಧೈರ್ಯವಿಲ್ಲ.

ರಜೆ ಹಾಕಿ ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಒಂದೊಂದೇ ತೆರೆದೆ. ಕುರ್ಚಿಯ ಹೆಣಿಗೆ ಎಳೆ ಎಳೆಯಾಗಿ ಬಂದಿತ್ತು. ಅದರ ಮೇಲೆ ಭಾವ ಆವಿಯ ಹಾಗೆ ಕೂತಿದ್ದರು. ತುಳಸಿಯ ಎಲೆಯ ಮೇಲಿನ ಇರುವೆಗೆ ಮೀಸೆ ಸಹಿತ ಸ್ಪಷ್ಟತೆ. ಹಿಂದೆ ಒಂದು ಬಿಳಿಯ ಮಬ್ಬು, ಅದು ಭಾವನ ಬನಿಯನ್ನು. ಮೊಸಳೆಯಲ್ಲಿ ಎರಡು ದೇವಸ್ಥಾನಗಳೂ ಕೆತ್ತಿದವರೇ ಮೆಚ್ಚುವಂತೆ ಬಂದಿದ್ದವು, ನಡುವೆ ಹೊಗೆಯ ಕಂಬ. ಹೇಮಾವತಿಯ ದಡದಲ್ಲಿ ಬೆಳ್ಳಕ್ಕಿ ಚೆನ್ನಾಗಿತ್ತು, ಭಾವನ ಅರ್ಧ ಕಿವಿಯೂ ಚೆನ್ನಾಗಿತ್ತು. ಅಲ್ಲೊಂದು ಇಲ್ಲೊಂದು ಮುಖ ಸ್ಪಷ್ಟವಾಗಿ ಬಂದದ್ದೂ ಇತ್ತು. ಅವನ್ನು ನೋಡುವುದೇ ಹೆಚ್ಚು ಕಷ್ಟವಾಯಿತು. ಎಲ್ಲದರಲ್ಲೂ ಒಂದೇ ಮುಖ: ತುಟಿ ಬಿಗಿದು, ಕಣ್ಣು ಕಿರಿದು ಮಾಡಿಕೊಂಡು, ಹತ್ತಬೇಕಾದವರು ಇನ್ನೂ ಹತ್ತಲಿಲ್ಲವಲ್ಲ ಎಂದು ಕಾಯುವ ಮುಖ. ಕಾದದ್ದು ನನಗಾಗಿ. ಆ ಮನುಷ್ಯರ ಕೊನೆಯ ಎರಡು ವರ್ಷದ ಭಾನುವಾರಗಳನ್ನು ನಾನು ಹೀಗೆ ಬಳಸಿದ್ದೆ.

ಅಕ್ಕ ದಿನಕ್ಕೊಮ್ಮೆ ಫೋನಿನಲ್ಲಿ ಸಿಕ್ಕಿತಾ ಎಂದು ಕೇಳುತ್ತಿದ್ದಳು. ಆರಿಸುತ್ತಿದ್ದೇನೆ ಎಂದೆ. ಮರುದಿನ, ಯಾವುದು ಕೊಡಲಿ ಅಂತಲೇ ತೋಚುತ್ತಿಲ್ಲ ಅಕ್ಕ ಎಂದೆ. ಸುಳ್ಳು ಹೇಳುವಾಗ ನನ್ನ ಕನ್ನಡ ಬಹಳ ಸ್ಪಷ್ಟವಾಗಿರುತ್ತದೆ. ಒಂಬತ್ತನೇ ದಿನಕ್ಕೆ ಬೇರೆ ದಾರಿ ಕಾಣದೆ ಭಾವನ ಡ್ರೈವಿಂಗ್ ಲೈಸೆನ್ಸನ್ನು ಮಗಳ ಕೈಯಿಂದ ಗುಟ್ಟಾಗಿ ತರಿಸಿಕೊಂಡು, ಹೊಳೆನರಸೀಪುರದ ಬಸ್ ನಿಲ್ದಾಣದ ಹತ್ತಿರ ಫ್ಲೆಕ್ಸ್ ಮಾಡುವವರ ಅಂಗಡಿಗೆ ಹೋದೆ. ಅವರು ನನ್ನಷ್ಟೇ ವಯಸ್ಸಿನವರು, ತಾಲ್ಲೂಕಿನಲ್ಲಿ ಸತ್ತವರೆಲ್ಲ ಅವರ ಕಂಪ್ಯೂಟರ್ ದಾಟಿಕೊಂಡೇ ಹೋಗಬೇಕು. ಲೈಸೆನ್ಸಿನ ಮುಖವನ್ನು ಕತ್ತರಿಸಿ ತೆರೆಯ ಮೇಲೆ ತೇಲಿಸಿ, “ಕತ್ತಿಂದ ಕೆಳಿಕ್ಕೆ ಏನೂ ಇಲ್ವಲ್ಲ ಮೇಡಂ, ಕೋಟ್ ಆಕ್ಲಾ?” ಎಂದು ಕೇಳಿದರು. ನೀಲಿ, ಕರಿ, ಬಿಳಿ ಮೂರು ಕೋಟುಗಳಿದ್ದವು. ನೀಲಿಯದನ್ನು ಎಳೆದು ತಂದು ಭಾವನ ಕತ್ತಿನ ಕೆಳಗೆ ಕೂರಿಸಿದರು. “ಓದ್ವಾರ ಚನ್ನರಾಯಪಟ್ಣದೋರ್ಗೂ ಇದ್ನೇ ಆಕಿದ್ವಿ. ಚೆನ್ನಾಗ್ ಕೂತ್ಕತ್ತದೆ.”

ಜೀವಮಾನವೆಲ್ಲ ಖಾಕಿ, ಆಮೇಲೆ ಬನಿಯನ್ನು ಹಾಕಿಕೊಂಡಿದ್ದವರು ಟೈ ಕಟ್ಟಿಕೊಂಡು ನನ್ನನ್ನು ನೋಡುತ್ತಿದ್ದರು. ನಗು ಬೇಕಿತ್ತು ಎಂದು ಮೆಲ್ಲಗೆ ಹೇಳಿದೆ. ಅದಕ್ಕೇನಂತೆ ಎಂದು ಅವರು ತುಟಿಯ ಎರಡು ತುದಿ ಹಿಡಿದು ಮೇಲಕ್ಕೆ ಎಳೆದರು. ಬಾಯಿ ನಕ್ಕಿತು, ಕಣ್ಣು ಹಾಗೇ ಇತ್ತು. ಟಿಕೆಟ್ ಇಲ್ಲದವನನ್ನು ಹಿಡಿದ ಚೆಕಿಂಗ್ ಇನ್ಸ್‌ಪೆಕ್ಟರರ ಹಾಗೆ ಕಂಡರು ಭಾವ, ಮೂವತ್ತು ವರ್ಷ ಅಂಥವರ ಜೊತೆ ಜಗಳವಾಡಿದವರು. ಬೇಡ, ಇದ್ದ ಹಾಗೇ ಇರಲಿ ಎಂದು ಬಿಡಿಸಿದೆ. ಹಿಂದೆ ಹಿಮದ ಬೆಟ್ಟ ಹಾಕುತ್ತೇವೆ ಎಂದರು. ಅದನ್ನೂ ಬೇಡ ಎನ್ನಲು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ.

ತಿಥಿಯ ದಿನ ಫೋಟೋದ ಮೇಲಿನ ಕಾಗದ ಬಿಚ್ಚಿದಾಗ ನಾನು ಅಕ್ಕನ ಮುಖ ನೋಡಲಿಲ್ಲ, ಅವಳ ಕಾಲು ನೋಡುತ್ತ ನಿಂತಿದ್ದೆ. ಆಮೇಲೆ, “ಈ ಕೋಟು ಯಾರ್ದು?” ಅಂದಳು. ಹೂವು ಹಾಕಿದರು. ಮುದ್ದೆ, ಬಾಡಿನ ಸಾರು, ಕಜ್ಜಾಯ, ಎಲೆಯಡಿಕೆ ಬಡಿಸಿ ಬಾಗಿಲು ಮುಂದೆ ಮಾಡಿ ಎಲ್ಲರೂ ಅಂಗಳಕ್ಕೆ ಬಂದೆವು. ಒಳಗೆ ಹಿಮಾಲಯದ ಬುಡದಲ್ಲಿ ಕೋಟು ಹಾಕಿಕೊಂಡ ಯಾರೋ ಒಬ್ಬರು ನಮ್ಮ ಅಕ್ಕನ ಮುದ್ದೆಯ ಮುಂದೆ ಕೂತಿದ್ದರು.

ನೆಂಟರೆಲ್ಲ ಉಂಡು ಹೋದ ಮೇಲೆ ಅಕ್ಕ ಕ್ಯಾಮೆರಾ ತಾ ಅಂದಳು. ಮಗಳು ಲೈಸೆನ್ಸಿನ ಸಂಗತಿ ಹೇಳಿಬಿಟ್ಟಿದ್ದಳು. ಬಯ್ಯಲಿ ಎಂದುಕೊಂಡೆ, ಬಯ್ಯಲಿಲ್ಲ. ಭಾವ ಕೂರುತ್ತಿದ್ದ ಕುರ್ಚಿಯಲ್ಲೇ ಕೂತು, ಹಿಂದಿನ ಪುಟ್ಟ ತೆರೆಯಲ್ಲಿ ಒಂದೊಂದೇ ನೋಡಿದಳು. ಅಕ್ಕಿ ಆರಿಸುವವಳ ಹಾಗೆ, ಅವಸರವಿಲ್ಲದೆ. ಮಬ್ಬು ಬಂದಲ್ಲಿ ಸ್ವಲ್ಪ ನಿಂತು ಮುಂದಕ್ಕೆ ಹೋಗುತ್ತಿದ್ದಳು. ಮೊಸಳೆಯ ಫೋಟೋಗಳ ನಡುವೆ ಒಂದು ಕಡೆ ಬೆರಳು ನಿಂತೇಬಿಟ್ಟಿತು. ನಾನು ಬಗ್ಗಿ ನೋಡಿದೆ. ನನ್ನದೇ ಮುಖ; ಭಾವನನ್ನು ಹುಡುಕುವಾಗ ಇದನ್ನು ಗಮನಿಸದೆ ದಾಟಿಹೋಗಿದ್ದೆ. ಹಣೆಯ ಬೆವರು, ಕಿವಿಯ ಹತ್ತಿರದ ನರೆ, ಕನ್ನಡಕದ ಸಡಿಲ ಕಡ್ಡಿ, ಒಂದೂ ತಪ್ಪದೆ ಎಲ್ಲ ಇತ್ತು. ಹಲ್ಲು ಕಾಣುವಂತೆ ನಗುತ್ತಿದ್ದೆ. ಎರಡು ವರ್ಷದಲ್ಲಿ ಆ ಕ್ಯಾಮೆರಾ ತೆಗೆದ ಒಂದೇ ಒಂದು ಸರಿಯಾದ ಫೋಟೋ.

“ಇದ್ನ ಯಾರು ತಗ್ದಿದ್ದು?”

“ಭಾವ.”

ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು. ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ ಎಂದು ನನಗೆ ಗೊತ್ತಿತ್ತು. ಆಮೇಲೆ ಕ್ಯಾಮೆರಾವನ್ನು ನನ್ನ ಕೈಗೆ ಇಟ್ಟು ಎದ್ದಳು. “ದೊಡ್ಡದು ಮಾಡ್ಸಿ ಮಡಿಕ್ಕೊ ಪದ್ದಿ. ನಿಂಗೆ ಕೋಟು ಬೇಕಾಗಕಿಲ್ಲ,” ಎಂದು ಹೇಳಿ ಎಡೆಯ ಎಲೆ ಎತ್ತಲು ಒಳಗೆ ಹೋದಳು.

ಮಾಡಿಸಿದ್ದೇನೆ. ದೊಡ್ಡದು ಮಾಡಿಸುವ ಮೊದಲು ನನ್ನ ಕನ್ನಡಕದ ಗಾಜನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಎದುರಿಗಿದ್ದವರ ಪ್ರತಿಬಿಂಬ ಅದರಲ್ಲಿ ಬಿದ್ದಿರಬೇಕಲ್ಲ, ಪಾಠದ ಪ್ರಕಾರ. ಬಿದ್ದದ್ದು ಕರಿಯ ಕ್ಯಾಮೆರಾ ಮಾತ್ರ, ಭಾವ ಅದರ ಹಿಂದೆ ಎಲ್ಲೋ ಇದ್ದಾರೆ. ಈಗ ಫೋಟೋ ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗಿದೆ. ನನ್ನ ತಿಥಿಗೆ ಹುಡುಕಾಡದಿರಲೆಂದು ಅದಿರುವ ಜಾಗವನ್ನು ಯಜಮಾನರಿಗೆ ತೋರಿಸಿಟ್ಟಿದ್ದೇನೆ. ಅವರು ಕಿಟಕಿಯ ಹತ್ತಿರ ಹಿಡಿದು ನೋಡಿ, ಚೆನ್ನಾಗಿದೆ, ಆದರೆ ಹೀಗೇ ಹತ್ತಿಪ್ಪತ್ತು ವರ್ಷ ಬಿಟ್ಟರೆ ಜನ ಗುರುತು ಹಿಡಿಯುವುದು ಕಷ್ಟ ಎಂದರು. ಅದು ನಿಜವೇ. ಅಷ್ಟು ಕಾಲ ಉಳಿದರೆ ನನಗೆ ಇನ್ನೊಂದು ಫೋಟೋ ಬೇಕಾಗುತ್ತದೆ, ಅದನ್ನು ತೆಗೆಯಬಲ್ಲವರು ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ. ಕ್ಯಾಮೆರಾದ ತಿರುಗಣೆಯನ್ನು ಹಸಿರು ಗುರುತಿಗೆ ತಂದು, ಅಲ್ಲಾಡದಂತೆ ಅಂಟುಪಟ್ಟಿ ಸುತ್ತಿ, ಗಾಲ್ಫ್ ಕೋಲಿನ ಪಕ್ಕ ಅಟ್ಟಕ್ಕೆ ಇಟ್ಟಿದ್ದೇನೆ. ಕೋಲನ್ನು ನುಗ್ಗೇಕಾಯಿಗೆಂದು ಆಗಾಗ ಇಳಿಸುತ್ತೇನೆ.