ತೂಕಕ್ಕೊಬ್ಬಳು

ಯಾರಾದರೂ ನನ್ನನ್ನು ಯಾವುದಕ್ಕಾದರೂ ಕರೆಯದಿದ್ದರೆ, ಯಾಕೆ ಕರೆಯಲಿಲ್ಲ ಎಂದು ಎಂಟು ದಿನ ತಲೆ ಕೆಡಿಸಿಕೊಳ್ಳುತ್ತೇನೆ. ಕರೆದರೆ ಮಾತ್ರ ಯಾಕೆ ಕರೆದರು ಎಂದು ಒಂದು ನಿಮಿಷವೂ ಯೋಚಿಸುವುದಿಲ್ಲ. ಬಟ್ಟೆ ಇಸ್ತ್ರಿ ಮಾಡಲು ನಿಂತುಬಿಡುತ್ತೇನೆ. ಬುದ್ಧಿವಂತರು ಇದನ್ನು ತಿರುವುಮುರುವಾಗಿ ಮಾಡುತ್ತಾರೆಂದು ಕಾಣುತ್ತದೆ. ಕರೆಯದವರನ್ನು ಮರೆತುಬಿಟ್ಟು, ಕರೆದವರ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ. ನನಗೆ ಈ ಬುದ್ಧಿ ಬಂದದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಹುಸೇನ್‌ಸಾಗರದ ನಟ್ಟನಡುವೆ, ಉಸಿರಾಡಲು ಬಿಡದಂಥ ಒಂದು ಲೈಫ್ ಜಾಕೆಟ್ಟಿನೊಳಗೆ ಕೂತಿದ್ದಾಗ. ಅಷ್ಟು ಹೊತ್ತಿಗೆ ದಡ ಬಹಳ ದೂರವಿತ್ತು. ನನಗೆ ಈಜು ಬರುವುದಿಲ್ಲ.

ನನ್ನ ಜೊತೆಗಿದ್ದವರು ಮೂವರು ಹಳೆಯ ಗೆಳತಿಯರು. ಬೀದರಿನ ನಿರ್ಮಲಾ, ರಾಯಚೂರಿನ ಶಶಿಕಲಾ, ವಿಜಯಪುರದ ವಿಜಯಾ. ನಾನು ಕಲಬುರ್ಗಿಯವಳು, ಸುಮಂಗಲಾ. ಕಂಪ್ಯೂಟರ್ ಕಲಿತರೆ ಬದುಕು ದಡ ಸೇರುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ನಾಲ್ವರೂ ಒಂದೇ ವರ್ಷ ಹೈದರಾಬಾದಿನ ಅಮೀರ್‌ಪೇಟೆಯ ಒಂದು ಹಾಸ್ಟೆಲ್ಲಿಗೆ ಬಂದು ಬಿದ್ದಿದ್ದೆವು. ಒಂದು ಕೋಣೆ, ನಾಲ್ಕು ಮಂಚ, ಒಂದು ಫ್ಯಾನು. ಆ ಫ್ಯಾನು ವಿಜಯಾಳ ಮಂಚದ ಮೇಲಿತ್ತು, ಅದಕ್ಕೆ ನಾವು ಮೂವರೂ ಅವಳನ್ನು ಒಂದು ತಿಂಗಳು ಸರಿಯಾಗಿ ಮಾತಾಡಿಸಿರಲಿಲ್ಲ. ಹಾಸ್ಟೆಲ್ ನಡೆಸುವಾಕೆಯ ಜೊತೆ ತೆಲುಗು, ಆಟೋದವರ ಜೊತೆ ಹಿಂದಿ, ಕೋಣೆಯ ಬಾಗಿಲು ಹಾಕಿದ ಮೇಲೆ ಕನ್ನಡ. ಬಾಗಿಲ ಹಿಂದಿನ ಆ ಕನ್ನಡದಲ್ಲಿ ನಾವು ಲೋಕದ ಎಲ್ಲರನ್ನೂ ಆಡಿಕೊಳ್ಳುತ್ತಿದ್ದೆವು. ಆಡಿಕೊಳ್ಳುವುದರಲ್ಲಿ ನಾನೇ ಮುಂದು. ಹಾಸ್ಟೆಲ್ಲಿನಾಕೆ ಬದನೆಕಾಯಿಗೆ ಕೈಮುಗಿದು ಸಾರಿಗೆ ಹಾಕುವುದನ್ನು ನಾನು ಮಾಡಿ ತೋರಿಸಿದರೆ ಮೂವರೂ ಮಂಚದ ಮೇಲೆ ಹೊರಳಾಡಿ ನಗುತ್ತಿದ್ದರು. ನನ್ನ ನಾಲಿಗೆಗೆ ಅಷ್ಟು ಒಳ್ಳೆಯ ಕಾಲ ಆಮೇಲೆ ಬರಲೇ ಇಲ್ಲ.

ನಾಲ್ವರಿಗೂ ಹೈದರಾಬಾದಿನಲ್ಲೇ ಕೆಲಸ ಸಿಕ್ಕಿತು, ಮದುವೆಯಾಯಿತು, ಮಕ್ಕಳಾದವು. ನಾನು ಮಣಿಕೊಂಡದಲ್ಲಿ ಮನೆ ಮಾಡಿದೆ, ನಿರ್ಮಲಾ ಗಚ್ಚಿಬೌಲಿಯಲ್ಲಿ. ಉಳಿದಿಬ್ಬರೂ ಅಲ್ಲೇ ಆಚೀಚೆ. ಮೊದಮೊದಲು ತಿಂಗಳಿಗೊಮ್ಮೆ ಸೇರುತ್ತಿದ್ದೆವು, ಆಮೇಲೆ ವರ್ಷಕ್ಕೊಮ್ಮೆ, ಆಮೇಲೆ ಯಾರದಾದರೂ ಮನೆಯ ಮದುವೆಯಲ್ಲಿ ಮಾತ್ರ. ಎಲ್ಲರಿಗೂ ಪುರಸೊತ್ತಿಲ್ಲ ಎಂದು ನಾನು ತಿಳಿದಿದ್ದೆ. ಹೈದರಾಬಾದಿನ ಟ್ರಾಫಿಕ್ಕು ಮನುಷ್ಯರ ಸ್ನೇಹವನ್ನೇ ತಿಂದುಹಾಕಿತು ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದೆ. ಕೇಳಿದವರು ಹೌದೆಂದು ತಲೆಯಾಡಿಸುತ್ತಿದ್ದರು. ಟ್ರಾಫಿಕ್ಕಿನ ಮೇಲೆ ಏನು ಹೊರಿಸಿದರೂ ಈ ಊರಿನಲ್ಲಿ ಯಾರೂ ಅಲ್ಲ ಅನ್ನುವುದಿಲ್ಲ.

ಹೀಗಿರುವಾಗ ಜುಲೈ ತಿಂಗಳ ಒಂದು ಶುಕ್ರವಾರ ನಿರ್ಮಲಾ ಫೋನ್ ಮಾಡಿದಳು. ಹುಸೇನ್‌ಸಾಗರದಲ್ಲಿ ಹಾಯಿದೋಣಿಯಲ್ಲಿ ಸುತ್ತಾಡಿಸುತ್ತಾರಂತೆ, ಎರಡು ತಾಸಿನ ವಿಹಾರ, ನಾವು ನಾಲ್ವರೇ. "ಆದಿತ್ಯವಾರ ಮುಂಜಾನೆ. ಇಲ್ಲ ಅನಬ್ಯಾಡ ಸುಮಿ, ನೀ ಬರಲೇಬೇಕು" ಎಂದಳು. ಬರಲೇಬೇಕು ಎಂಬ ಮಾತನ್ನು ನಾನು ಆ ಸಂಜೆ ನನ್ನ ಗಂಡನಿಗೆ ಮೂರು ಸಲ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, ದೋಣಿಗೆ ಸೀರೆ ಉಟ್ಟುಕೊಂಡು ಹೋಗಬೇಡ ಎಂದಷ್ಟೇ ಅಂದರು. ಇಪ್ಪತ್ತು ವರ್ಷ ಬಸ್ಸಿನ ಕಿಟಕಿಯಿಂದ ಮೂಗು ಮುಚ್ಚಿಕೊಂಡು ನೋಡಿದ ಕೆರೆ ಅದು. ಆದರೂ ಎರಡು ದಿನ ಅದರ ಗುಣಗಾನ ಮಾಡಿದೆ.

ಭಾನುವಾರ ನಾನು ಹೋಗುವಷ್ಟರಲ್ಲಿ ಮೂವರೂ ಬಂದು ನಿಂತಿದ್ದರು. ಮೂವರ ತಲೆಯ ಮೇಲೂ ಒಂದೇ ಥರದ ಹಳದಿ ಟೊಪ್ಪಿಗೆ. ಅವು ಹೊಸವಲ್ಲ, ಅಂಚು ಮಾಸಿದ್ದವು. ಅದನ್ನು ನೋಡಿದೆನೇ ಹೊರತು ಅದರ ಅರ್ಥ ನನಗಾಗಲಿಲ್ಲ. ಅಷ್ಟರಲ್ಲಿ ದೋಣಿ ನಡೆಸುವ ಮಾಸ್ತರರು ಬಂದರು. ಅರವತ್ತು ದಾಟಿದ, ಬಿಸಿಲಿಗೆ ಕಪ್ಪಾದ, ಒಳ್ಳೆಯ ಮನುಷ್ಯ. ಅಡತಿ ಅಂಗಡಿಯಲ್ಲಿ ತೊಗರಿ ಚೀಲವನ್ನು ನೋಡುವ ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮುಖ ಅರಳಿತು. ನಿರ್ಮಲಾಳಿಗೆ ಹಿಂದಿಯಲ್ಲಿ, ಸರಿಯಾದವರನ್ನೇ ತಂದಿದ್ದೀರಿ, ನಾನು ಮೊನ್ನೆ ಫೋನಿನಲ್ಲಿ ಹೇಳಿರಲಿಲ್ಲವೇ, ನೀವು ಮೂವರೂ ಹಗುರ, ಈ ಮಳೆಗಾಲದ ಗಾಳಿಗೆ ದೋಣಿ ವಾಲುತ್ತದೆ, ಒಬ್ಬರು ಭಾರದವರಿದ್ದರೆ ಮಾತ್ರ ಬಿಡುತ್ತೇನೆ ಎಂದು, ಇನ್ನು ಚಿಂತೆಯಿಲ್ಲ ಎಂದರು.

ಹೈದರಾಬಾದಿನಲ್ಲಿ ಹಿಂದಿ ತಿಳಿಯದವರು ಯಾರಿದ್ದಾರೆ? ನಾನು ನಿರ್ಮಲಾಳ ಕಡೆ ನೋಡಿದೆ. ಅವಳು ಬಗ್ಗಿ ಕಾಲಿನ ಲೇಸು ಕಟ್ಟಿಕೊಳ್ಳತೊಡಗಿದಳು. ಅವಳು ಹಾಕಿಕೊಂಡಿದ್ದದ್ದು ಚಪ್ಪಲಿ.

ಅಲ್ಲಿಂದಲೇ ತಿರುಗಿ ಹೋಗಬೇಕಿತ್ತು. ಹೋಗಲಿಲ್ಲ. ಕೇಳದವಳಂತೆ ಮುಖ ಮಾಡಿಕೊಂಡು ದೋಣಿ ಹತ್ತಿದೆ. ಹಾಯಿದೋಣಿಯ ವಿಷಯ ತಿಳಿಯದವರಿಗೆ ಹೇಳುತ್ತೇನೆ: ಗಾಳಿ ಹಾಯಿಗೆ ತುಂಬಿದಾಗ ದೋಣಿ ಒಂದು ಕಡೆಗೆ ವಾಲುತ್ತದೆ. ಆಗ ತೂಕದವರು ದೋಣಿಯ ಮೇಲೆದ್ದ ಕಡೆಗೆ ಹೋಗಿ ಕೂತು ಅದನ್ನು ತಗ್ಗಿಸಬೇಕು. ದೋಣಿ ತಿರುಗಿದರೆ ಹಾಯಿಯ ಅಡ್ಡಗೋಲು ತಲೆಯ ಮೇಲಿಂದ ರಪ್ಪನೆ ಆಚೆ ಹೋಗುತ್ತದೆ, ಎದ್ದ ಕಡೆ ಬದಲಾಗುತ್ತದೆ. ತೂಕದವರು ಬಗ್ಗಿ, ತೆವಳಿ, ಮತ್ತೆ ಈ ಕಡೆಗೆ ಬರಬೇಕು. ಮುಕ್ಕಾಲು ತಾಸು ನಾನು ಹೀಗೆ ತೆವಳಿದೆ. ಮಾಸ್ತರರು ಆ ಮೂವರನ್ನು ಮೇಡಂ ಎಂದು ಕರೆಯುತ್ತಿದ್ದರು, ನನ್ನನ್ನು ಮಾತಾಜಿ. ಮೇಡಂಗಳು ಹಗ್ಗ ಹಿಡಿದು ಫೋಟೋ ತೆಗೆಸಿಕೊಂಡರು. ಒಂದು ಫೋಟೋದಲ್ಲೂ ನಾನು ಇಲ್ಲ, ಯಾಕೆಂದರೆ ಅವರು ಯಾವ ಕಡೆ ಇದ್ದರೋ ನಾನು ಅದರ ಎದುರು ಕಡೆ ಇರಬೇಕಾಗಿತ್ತು.

ಆಮೇಲೆ ಗಾಳಿ ಸತ್ತುಹೋಯಿತು. ಹಾಯಿ ಒಗೆದು ಹಾಕಿದ ಬೆಡ್‌ಶೀಟಿನ ಹಾಗೆ ಜೋತುಬಿತ್ತು. ಗಾಳಿಯ ಜೊತೆ ಹೋಗಿದ್ದ ಕೆರೆಯ ವಾಸನೆ ತಿರುಗಿ ಬಂತು. ಮಾಸ್ತರರು ದಡಕ್ಕೆ ಫೋನ್ ಮಾಡಿ, ಎಳೆದುಕೊಂಡು ಹೋಗಲು ಮೋಟಾರು ದೋಣಿ ಕಳಿಸಿ ಎಂದು ಹೇಳಿ, ಬೆನ್ನು ತಿರುಗಿಸಿ ಕೂತರು. ಕೆರೆಯ ನಡುವಿನ ಬುದ್ಧನ ವಿಗ್ರಹ ಹತ್ತಿರದಲ್ಲೇ ಇತ್ತು. ಅವನಿಗೆ ನಮ್ಮ ಬಗ್ಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ.

ಕೂತು ಕೂತು ಬೇಸತ್ತ ವಿಜಯಾ, ಇದು ಎಷ್ಟೋ ವಾಸಿ, ನಾಗಾರ್ಜುನಸಾಗರದಲ್ಲಿ ಲಾಂಚು ಕೆಟ್ಟು ಎರಡು ತಾಸು ಬಿಸಿಲಲ್ಲಿ ಕೂತಿರಲಿಲ್ಲವೇ ಎಂದಳು. ಅಂದವಳೇ ತುಟಿ ಕಚ್ಚಿಕೊಂಡಳು. ಯಾರು ಯಾರು ಹೋಗಿದ್ದಿರಿ ಎಂದು ಕೇಳಿದೆ. ಒಂದೊಂದಾಗಿ ಹೊರಬಂತು. ನಾಗಾರ್ಜುನಸಾಗರ, ಅನಂತಗಿರಿ, ಬೀದರ ಕೋಟೆ. ಟೊಪ್ಪಿಗೆ ಕೊಂಡದ್ದು ಬೀದರಿನಲ್ಲಿ. ಎಂಟು ವರ್ಷದಿಂದ ಮೂವರೂ ತಿರುಗುತ್ತಿದ್ದರು. ಟ್ರಾಫಿಕ್ಕು ಅವರನ್ನು ಎಲ್ಲೂ ತಡೆದಿರಲಿಲ್ಲ.

"ನನ್ನ ಯಾಕ ಕರೀಲಿಲ್ಲ?" ಎಂದೆ.

ನಿರ್ಮಲಾ ನೀರು ನೋಡುತ್ತಿದ್ದಳು. ಉತ್ತರ ಕೊಟ್ಟವಳು ಶಶಿಕಲಾ.

"ಖರೇ ಹೇಳ್ಲೇನು? ನಿರ್ಮಲಾನ ಗಂಡ ಮನಿ ಬಿಟ್ಟು ಹೋದಾಗ ಆಕಿ ನಿನ್ನ ಒಬ್ಬಾಕಿ ಮುಂದ ಹೇಳಿ ಅತ್ತಿದ್ಲು. ನೀ ಮರುದಿನ ನನಗ ಫೋನ್ ಮಾಡಿ, ಆಕಿ ಕೈಯಾಗಿನ ಅಡಗಿ ತಿಂದ್ರ ಯಾರರ ಓಡಿ ಹೋಗ್ತಾರ ಬಿಡು ಅಂದಿ. ನಾನೂ ನಕ್ಕೆ. ಆಮ್ಯಾಲ ನನಗ ಭಾಳ ನಾಚಿಕಿ ಬಂತು."

ಆ ಮಾತು ನನಗೆ ನೆನಪಿತ್ತು. ಮರೆತಿದ್ದೆ ಎಂದು ಬರೆದರೆ ನೀವು ನಂಬಬಹುದು, ಆದರೆ ಮರೆತಿರಲಿಲ್ಲ. ಚೆನ್ನಾಗಿ ಬಂದ ಮಾತೆಂದು ವಿಜಯಾಳಿಗೂ ಹೇಳಿದ್ದೆ, ನನ್ನ ಗಂಡನಿಗೂ ಹೇಳಿದ್ದೆ. ಅದು ನಿರ್ಮಲಾಳವರೆಗೂ ನಡೆದು ಹೋಗಬಹುದೆಂದು ಮಾತ್ರ ಹೊಳೆದಿರಲಿಲ್ಲ.

"ಹಾಸ್ಯಕ್ಕ ಅಂದಿದ್ದೆ, ನಿರ್ಮಲಾ" ಎಂದೆ. ತಪ್ಪಾಯಿತು ಎನ್ನಬೇಕಾದ ಜಾಗದಲ್ಲಿ ಬಾಯಿಗೆ ಬಂದದ್ದು ಇದು.

"ಗೊತ್ತದ" ಎಂದಳು ಅವಳು, ನೀರಿನಿಂದ ಕಣ್ಣು ತೆಗೆಯದೆ. "ಛಲೋ ಇತ್ತು. ಎರಡು ತಿಂಗಳು ನಾ ಒಲಿ ಹಚ್ಚಲಿಲ್ಲ."

ಮೋಟಾರು ದೋಣಿ ಬಂದು ನಮ್ಮನ್ನು ಎಳೆದುಕೊಂಡು ಹೋಯಿತು. ಅಷ್ಟು ಹೊತ್ತೂ ನಾನು ಯಾವ ಕಡೆ ಕೂತರೂ ನಡೆಯುತ್ತಿತ್ತು. ಆದರೂ ಕೂತಲ್ಲಿಂದ ಅಲ್ಲಾಡಲಿಲ್ಲ. ದಡದ ಮೇಲೆ ವಿಜಯಾ, ಟಿಫಿನ್ನಿಗೆ ಹೋಗುತ್ತಿದ್ದೇವೆ, ನೀನೂ ಬಾ ಎಂದಳು. ಒಲ್ಲೆ ಅನ್ನಲೆಂದು ಕರೆಯುವ ದನಿ ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ಕೆಲಸವಿದೆ ಎಂದು ಕ್ಯಾಬ್ ಹತ್ತಿದೆ.

ಮೆಹದಿಪಟ್ಟಣ ದಾಟುವವರೆಗೆ ಅತ್ತೆ. ಟೋಲಿಚೌಕಿಗೆ ಬರುವಷ್ಟರಲ್ಲಿ ಸಿಟ್ಟು ಬಂತು. ಸಿಟ್ಟು ಅಳುವಿಗಿಂತ ಹಿತವಾಗಿತ್ತು. ವಿಜಯಾ ಮೂವರಲ್ಲಿ ಮೆತ್ತಗಿನವಳು, ಯಾರು ಏನು ಹೇಳಿದರೂ ಕೇಳುವವಳು. ಅವಳಿಗೆ ಫೋನ್ ಹಚ್ಚಿ ಮನಸ್ಸು ಹಗುರ ಮಾಡಿಕೊಂಡೆ. ಶಶಿಕಲಾಳಿಗೆ ಖರೇ ಹೇಳುವ ಚಟ ಯಾವಾಗ ಹತ್ತಿತು, ಹಾಸ್ಟೆಲ್ಲಿನಲ್ಲಿ ನನ್ನ ಹಾಲಿನ ಪುಡಿ ಕದ್ದು ತಿಂದು ಬೆಕ್ಕಿನ ಮೇಲೆ ತಪ್ಪು ಹೊರಿಸಿದವಳಲ್ಲವೇ ಎಂದೆ. ಒಂದು ಮಾತನ್ನು ಎಂಟು ವರ್ಷ ಉಪ್ಪಿನಲ್ಲಿ ಹಾಕಿಟ್ಟುಕೊಂಡಿದ್ದಾಳಲ್ಲ ನಿರ್ಮಲಾ, ಅವಳ ಗಂಡನ ಮೇಲೆ ನನಗೆ ಈಗ ಕನಿಕರ ಬರುತ್ತಿದೆ ಎಂದೆ. ಅದೂ ಚೆನ್ನಾಗಿಯೇ ಬಂದಿತ್ತು. ವಿಜಯಾ ನಗಲಿಲ್ಲ.

"ಸುಮಿ" ಎಂದಳು. "ಫೋನು ಕಾರಿನ ಸ್ಪೀಕರಿಗೆ ಹತ್ತೈತಿ. ಮೂವರೂ ಅದೀವಿ."

ಆ ಕಡೆ ಕಾರು ಎಲ್ಲೋ ತಿರುಗಲು ಕಾಯುತ್ತಿತ್ತೆಂದು ಕಾಣುತ್ತದೆ; ಇಂಡಿಕೇಟರಿನ ಟಿಕ್ ಟಿಕ್ ಕೇಳಿಸುತ್ತಿತ್ತು. ಆಮೇಲೆ ನಿರ್ಮಲಾಳ ದನಿ ಬಂತು, ಸಿಟ್ಟಿಲ್ಲದೆ, ಬೇಸರವೂ ಇಲ್ಲದೆ, ಹಾಸ್ಟೆಲ್ಲಿನ ಮಂಚದ ಮೇಲೆ ಕಾಲು ಚಾಚಿಕೊಂಡು ಕೇಳುವ ಹಾಗೆ.

"ಮುಂದ ಹೇಳು, ಸುಮಿ."

ಹೇಳಲು ನನ್ನಲ್ಲಿ ಇನ್ನೂ ಬಹಳವಿತ್ತು. ಆದರೆ ಯಾರ ಬಗ್ಗೆ ಹೇಳಬೇಕೋ, ಯಾರ ಮುಂದೆ ಹೇಳಬೇಕೋ, ಎಲ್ಲರೂ ಒಂದೇ ಕಾರಿನಲ್ಲಿದ್ದರು.