ನನ್ನ ಅಳತೆಗೆ ಮಾಡಿಸಿದ ಮೇಜು

ಬರೆಯದೇ ಇರುವುದಕ್ಕೆ ಬೆನ್ನುನೋವಿನಷ್ಟು ಮರ್ಯಾದಸ್ಥ ಕಾರಣ ಇನ್ನೊಂದಿಲ್ಲ. ಸೋಮಾರಿತನ ಎಂದರೆ ಜನ ನಗುತ್ತಾರೆ. ಬೆನ್ನುನೋವು ಎಂದರೆ ತಾವು ಹಚ್ಚಿಕೊಳ್ಳುವ ಮುಲಾಮಿನ ಹೆಸರು ಹೇಳುತ್ತಾರೆ. ಹರಿಹರದ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಮಕ್ಕಳ ನಾಟಕ ಬರೆದುಕೊಡಲು ಒಪ್ಪಿಕೊಂಡಿದ್ದೆ. ನಾನು ಕನ್ನಡ ಮೇಷ್ಟ್ರು, ಒಪ್ಪಿಕೊಳ್ಳುವುದು ಅಭ್ಯಾಸ. ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಯಲ್ಲಿ, ದಿವಾನದ ಮೇಲೆ ಬಗ್ಗಿ ಕುಳಿತು ಮೊದಲ ದೃಶ್ಯ ಮುಗಿಸುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ನಾಟಕದಲ್ಲಿ ಹಲ್ಲುನೋವಿನ ಸಿಂಹ ಬಾಯಿ ತೆರೆದು ನಿಂತಿತ್ತು. ನೋಡಲು ಯಾವ ಪ್ರಾಣಿಯೂ ಮುಂದೆ ಬಂದಿರಲಿಲ್ಲ. "ಪಾದ ನೆಲಕ್ಕೆ ಊರ್ಬೇಕ್ರಿ, ಮೊಣಕೈ ಮೇಜಿನ ಮಟ್ಟಕ್ಕಿರ್ಬೇಕು, ಬೆಳಕು ಎಡಗಡೆಯಿಂದ ಬರ್ಬೇಕು" ಎಂದರು ಡಾಕ್ಟರು. ಇದಾವುದೂ ಇಲ್ಲದೆ ಇಷ್ಟು ವರ್ಷ ಬರೆದ ನನ್ನ ಮೇಲೆ ನನಗೇ ಮರುಕ ಹುಟ್ಟಿತು.

ಹರಿಹರದಿಂದ ಬಡಗಿ ರಹಮತ್ ಸಾಬರು ಟೇಪು ಹಿಡಿದು ಬಂದರು. "ದಿನಾ ಹೆಂಗೆ ಕೂತು ಬರೀತೀರೋ ಹಂಗೇ ಕೂಡ್ರಿ ಮೇಷ್ಟ್ರೇ." ಟೇಪು ಕಂಡೊಡನೆ ನಾನು ಹೊಟ್ಟೆ ಒಳಗೆಳೆದು, ಎದೆ ಉಬ್ಬಿಸಿ ಕುಳಿತೆ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಶೈಲಾ, "ಇವ್ರು ಹಿಂಗೆ ಕೂತಿದ್ದು ಮದುವಿ ಫೋಟೋದಾಗ ಬಿಟ್ರೆ ನಾನು ನೋಡೇ ಇಲ್ರಿ ಸಾಬ್ರೇ" ಎಂದಳು. ಸಾಬರು ಅಳತೆ ಬರೆದುಕೊಂಡರು.

ಮೇಜು ಬಂತು. ಕಿಟಕಿಯ ಪಕ್ಕ ಹಾಕಿಸಿದೆ. ಮಂಡಿಪೇಟೆಯಿಂದ ಕುರ್ಚಿಗೊಂದು ದಿಂಬು ತಂದೆ. ಸ್ಫೂರ್ತಿಗೆಂದು ಒಂದು ಹೂಕುಂಡವನ್ನೂ ಇಟ್ಟೆ. ಎಂದಿನಂತೆ ಕುಳಿತರೆ ಮೇಜು ಎದೆಗೆ ಬರುತ್ತಿತ್ತು. ನೆಟ್ಟಗೆ ಕುಳಿತರೆ ಸರಿಹೋಗುತ್ತಿತ್ತು, ಆದರೆ ನೆಟ್ಟಗೆ ಕೂರುವುದರಲ್ಲೇ ನನ್ನ ಬುದ್ಧಿಯೆಲ್ಲ ಖರ್ಚಾಗುತ್ತಿತ್ತು. ಸಿಂಹ ಬಾಯಿ ತೆರೆದು ಹತ್ತು ದಿನವಾಯಿತು. ಶಾಲೆಯವರು ಎರಡು ಸಲ ಫೋನು ಮಾಡಿದರು. ಸಾಬರನ್ನು ಮತ್ತೆ ಕರೆಸಿದೆ.

"ಮೇಜಿಂದೇನೂ ತಪ್ಪಿಲ್ಲ ಮೇಷ್ಟ್ರೇ, ನೀವು ಅವತ್ತು ಬ್ಯಾರೆ ಯಾರೋ ಆಗಿ ಕೂತಿದ್ರಿ. ನಾಳೆ ಗರಗಸ ತಂದು ಕಾಲು ಕೊಯ್ದು ಕೊಡ್ತೀನಿ" ಎಂದವರು ನನ್ನ ಮುಖ ನೋಡಿ, "ಮೇಜಿಂದು" ಎಂದು ಸೇರಿಸಿದರು.

ಮರುದಿನ ಶಾಲೆಯಿಂದ ಬಂದಾಗ ಮೇಜಿನ ಮುಂದೆ ಶೈಲಾ ಕುಳಿತಿದ್ದಳು. ಅವಳು ನನಗಿಂತ ಎರಡು ಬೆರಳು ಎತ್ತರ. ಬೆನ್ನು ನೆಟ್ಟಗಿತ್ತು, ಪಾದ ಊರಿತ್ತು, ಮೊಣಕೈ ಡಾಕ್ಟರು ಹೇಳಿದ ಮಟ್ಟದಲ್ಲೇ ಇತ್ತು. "ಸಿಂಹ ಪಾಪ ಎಷ್ಟು ದಿನ ಬಾಯಿ ತಕ್ಕಂಡು ನಿಂತಿರ್ಬೇಕ್ರಿ? ಅದಕ್ಕೇ ಒಂಚೂರು ಮುಂದಕ್ಕೆ ಬರ್ದೆ" ಎಂದು ಹಾಳೆಗಳನ್ನು ಕೊಟ್ಟಳು. ನಾಟಕ ಮುಗಿದಿತ್ತು. ಒಂದು ಇಲಿ ಏಣಿ ಹಾಕಿಕೊಂಡು ಸಿಂಹದ ಬಾಯೊಳಗೆ ಇಳಿದಿತ್ತು. ಕೆಂಪು ಪೆನ್ನು ಹಿಡಿದು ಓದಿದೆ. ಎರಡು ಕಾಗುಣಿತದ ತಪ್ಪು ಸಿಕ್ಕವು, ಹೇಳಿದೆ. ಮೂರು ಕಡೆ ನಗು ಬಂತು, ಹೇಳಲಿಲ್ಲ. ಗರಗಸದೊಂದಿಗೆ ಬಂದ ಸಾಬರಿಗೆ ಚಹಾ ಕೊಟ್ಟು ಕಳಿಸಿದೆ.

ವಾರ್ಷಿಕೋತ್ಸವದಲ್ಲಿ ನನ್ನ ದೃಶ್ಯವನ್ನು ಜನ ಶಿಸ್ತಿನಿಂದ ನೋಡಿದರು. ಇಲಿ ಏಣಿ ಹತ್ತಿದಾಗ ಹಿಂದಿನ ಸಾಲಿನವರು ಎದ್ದು ನಿಂತು ನಕ್ಕರು. ನಾಟಕಕಾರರು ವೇದಿಕೆಗೆ ಬರಬೇಕೆಂದು ಮೈಕಿನಲ್ಲಿ ಕೂಗಿದಾಗ ನಾನು ಎದ್ದೇಬಿಟ್ಟೆ. ಎರಡು ಹೆಜ್ಜೆ ಇಟ್ಟ ಮೇಲೆ ನಾಚಿಕೆಯಾಗಿ, ತಿರುಗಿ ಶೈಲಾಳ ಕೈ ಹಿಡಿದು ಕರೆದುಕೊಂಡು ಹೋದೆ. ಹಾರವನ್ನು ಅವಳಿಗೇ ಹಾಕಿದರು.

ಈಗ ಅದೇ ಮೇಜಿನ ಮುಂದೆ ಕುಳಿತು ಶೈಲಾ ಮುಂದಿನ ವರ್ಷದ ನಾಟಕ ಬರೆಯುತ್ತಿದ್ದಾಳೆ. ಅದರಲ್ಲೊಬ್ಬ ಮೇಷ್ಟ್ರು ಬರುತ್ತಾರೆಂದು ಕೇಳಿ ಕುತೂಹಲವಾಯಿತು.

"ಏನು ಮಾತಾಡ್ತಾರೆ?" ಎಂದೆ.

"ಮಾತಿಲ್ರಿ" ಎಂದಳು ಶೈಲಾ, ತಲೆ ಎತ್ತದೆ. "ಕೊಟ್ರೆ ನಾಟಕ ಮುಗಿಯಲ್ಲ."